ಮಾನ್ವಿಯ ಕಂಪ್ಯೂಟರು, ಹುಸೇನಪ್ಪನ ಟಪಾಲು

ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷ ಗಣಿತ ಕಲಿಸಿದೆ. ಮೊನ್ನೆ ಯಾವುದೋ ಕಾರ್ಯಕ್ರಮಕ್ಕೆಂದು ಅಲ್ಲಿಗೆ ಹೋದಾಗ ಈಗಿನ ಹೆಡ್‌ಮಿಸ್ಟ್ರೆಸ್ಸು, "ಹಳೇ ಸಾಮಾನು ಹರಾಜಿಗೆ ಹಾಕಾಕತ್ತೀವ್ರಿ, ನಿಮ್ಮ ಕಾಲದ್ದು ಏನರ ಅದಾವೇನು ನೋಡ್ರಿ" ಎಂದು ಸ್ಟೋರ್‌ರೂಮಿನ ಬಾಗಿಲು ತೆಗೆದರು. ನನಗೆ ಮೊದಲು ಸೀನು ಬಂತು, ಆಮೇಲೆ ಸಿಟ್ಟು ಬಂತು. ಸೀನು ಬಂದದ್ದು ಧೂಳಿಗೆ. ಸಿಟ್ಟು ಬಂದದ್ದು ಮುರಿದ ಬೆಂಚುಗಳ ಹಿಂದೆ ಕೂತಿದ್ದ ಆ ಕಂಪ್ಯೂಟರನ್ನು ನೋಡಿ. ಬಿಳಿ ಮೈ ಹಳದಿಗಟ್ಟಿತ್ತು. ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಗುರುತು ಇನ್ನೂ ಇತ್ತು. ನನ್ನ ಕೈ ನನ್ನನ್ನು ಕೇಳದೆಯೇ ಹೋಗಿ ಬಲಮಗ್ಗುಲಿನ ಕೆಂಪು ಸ್ವಿಚ್ಚನ್ನು ಎತ್ತಿತು. ಟಕ್ ಅಂದಿತು, ಅಷ್ಟೇ. ಕರೆಂಟಿನ ವೈರೇ ಇಲ್ಲದ ಯಂತ್ರ, ಇನ್ನೇನಾಗಬೇಕು? ಆದರೂ, "ಇವತ್ತೂ ಹಂಗ ಮಾಡ್ತೀಯೇನ ಮೂಳಾ!" ಎಂದು ಬೈದುಬಿಟ್ಟೆ. ಹೆಡ್‌ಮಿಸ್ಟ್ರೆಸ್ಸು ಗಾಬರಿಯಾಗಿ ನನ್ನ ಮುಖ ನೋಡಿದರು. ಪಾಪ, ಅವರಿಗೇನು ಗೊತ್ತು.

ಅದು 1989. ಯಾವುದೋ ದೊಡ್ಡ ಊರಿನ ದೊಡ್ಡ ಕಚೇರಿಯವರು ತಮಗೆ ಹೊಸ ಕಂಪ್ಯೂಟರು ಬಂದವೆಂದು ಹಳೆಯವನ್ನು ಶಾಲೆಗಳಿಗೆ ದಾನ ಮಾಡಿದ್ದರು. ಅದರಲ್ಲಿ ಒಂದು ದೇವದುರ್ಗಕ್ಕೆ ಹೋಯಿತು, ಒಂದು ನಮಗೆ ಬಂತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನನ್ನನ್ನು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ, ಆದರೆ ಹೇಳಲೇಬೇಕು: ಆ ಯಂತ್ರಕ್ಕೆ ಸ್ವಂತ ನೆನಪೇ ಇರಲಿಲ್ಲ. ದಿನಾ ಕರಿಯ ಫ್ಲಾಪಿಯೊಂದನ್ನು ಅದರ ಬಾಯಿಗಿಟ್ಟು, ಸಣ್ಣ ಚಿಲಕ ತಿರುವಿ, ಸ್ವಿಚ್ಚು ಎತ್ತಬೇಕು. ಕುಂಯ್ ಕುಂಯ್ ಎಂದು ಆ ಫ್ಲಾಪಿಯನ್ನು ಓದಿಕೊಂಡ ಮೇಲೆಯೇ ಅದಕ್ಕೆ ತಾನು ಕಂಪ್ಯೂಟರು ಎಂದು ತಿಳಿಯುತ್ತಿತ್ತು. ಅಂಥ ಫ್ಲಾಪಿ ನಮಗೆ ಕೊಟ್ಟದ್ದು ಒಂದೇ ಒಂದು.

ಹತ್ತು ದಿನದ ತರಬೇತಿಗೆ ಹೋಗಿ ಬಂದವಳು ಇಡೀ ಮಾನ್ವಿಯಲ್ಲಿ ನಾನೊಬ್ಬಳೇ. ಆ ಜಂಬವನ್ನು ಈಗ ಮುಚ್ಚಿಟ್ಟು ಏನು ಮಾಡಲಿ? ಫ್ಲಾಪಿಯನ್ನು ಶಾಲೆಯಲ್ಲಿ ಬಿಡುತ್ತಿರಲಿಲ್ಲ. ಯಾರನ್ನೂ ನಂಬುತ್ತಿರಲಿಲ್ಲ. ಅದರ ಕಾಗದದ ಕವರು ಹರಿದದ್ದರಿಂದ, ಯಾರದ್ದೋ ಲಗ್ನಪತ್ರಿಕೆಯ ದಪ್ಪ ಲಕೋಟೆಯಲ್ಲಿ ಹಾಕಿ ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಕವಿತಾಳದಿಂದ ಇಬ್ಬರು ಹುಡುಗಿಯರು ಬರೀ ಇದನ್ನು ಕಲಿಯಲೆಂದು ಮುಂಜಾನೆ ಮೊದಲ ಬಸ್ಸಿಗೆ ಬರುತ್ತಿದ್ದರು. ಅವರು ಸಹ ಕೈ ತೊಳೆದು, ಒರೆಸಿಕೊಂಡು, ನನಗೆ ತೋರಿಸಿದ ಮೇಲೆಯೇ ಕೀಲಿಗಳನ್ನು ಮುಟ್ಟಬೇಕು.

ಆ ಕೋಣೆಯ ಕಸ ಗುಡಿಸುವವನು ಹುಸೇನಪ್ಪ. ಮಲ್ಲಟದವನು, ಮೂವತ್ತರ ಆಜುಬಾಜು, ಆರು ವರ್ಷದಿಂದ ನಮ್ಮ ಶಾಲೆಯಲ್ಲಿ ದಿನಗೂಲಿ ಜವಾನ. ಗಂಟೆ ಹೊಡೆಯುವುದು, ನೀರು ತುಂಬುವುದು, ಕಸ ಗುಡಿಸುವುದು, ರಾಯಚೂರಿನ ಕಚೇರಿಗೆ ಟಪಾಲು ಒಯ್ಯುವುದು, ಎಲ್ಲ ಅವನದೇ. ಆ ವರ್ಷ ಅವನ ಹೆಸರು ಖಾಯಂ ಮಾಡುವವರ ಪಟ್ಟಿಗೆ ಬಂದಿತ್ತು. ಅವನ ಮನೆತನದಲ್ಲಿ ತಿಂಗಳ ಸಂಬಳದ ನೌಕರಿ ಅದುವರೆಗೆ ಯಾರೂ ಕಂಡಿರಲಿಲ್ಲ. "ಆರ್ಡರ್ ಬಂದ ದಿನ ಮಲ್ಲಟದಾಗ ಊರಿಗೆಲ್ಲ ಚಹಾ ಕುಡಸ್ತೀನ್ರಿ ಟೀಚರ್" ಎಂದು ಗುಡಿಸುತ್ತ ಗುಡಿಸುತ್ತ ಹೇಳುತ್ತಿದ್ದ. ನಾನು, "ಮೊದ್ಲು ಆ ಮೂಲಿ ಗುಡಿಸು" ಎನ್ನುತ್ತಿದ್ದೆ.

ಮಹಾನವಮಿಯ ದಿನ ಆಯುಧ ಪೂಜೆಗೆ ಅವನು ತಟ್ಟೆ ಹಿಡಿದುಕೊಂಡು ಕಂಪ್ಯೂಟರಿನ ಕೋಣೆಯ ಬಾಗಿಲಿಗೇ ಬಂದ.

"ಟೀಚರ್ರೀ, ಒಂದೀಟು ವಿಭೂತಿ ಹಚ್ಚಿ ಒಂದು ಕಾಯಿ ಒಡದ್ರ ಮುಗೀತ್ರಿ. ಗಂಟಿಗೆ ಹಚ್ಚೀನಿ, ಸೈಕಲ್ಲಿಗೆ ಹಚ್ಚೀನಿ, ಬೀರುಕ್ಕೂ ಹಚ್ಚೀನಿ. ಇದೊಂದನ್ನ ಬಿಟ್ರ ಮನಸಿಗೆ ಹಚ್ಕೊಂತದ್ರಿ."

"ಅದಕ್ಕ ಮನಸಿಲ್ಲ. ನೀರು ಬಿದ್ರ ಸುಟ್ಟು ಹೋಗ್ತದ. ಅದರ ಹತ್ರ ಹೋದ್ರ ನೋಡು ಮತ್ತ!"

"ಮನಸಿಲ್ದ ಕುಂಯ್ ಅಂತದೇನ್ರಿ?" ಎಂದು ಗೊಣಗುತ್ತ ಹೋದ. ಸಂಜೆ ಬೀಗದಕೈಗಳ ಗೊಂಚಲನ್ನು ಹೆಡ್ಮಾಸ್ತರ ಮನೆಗೆ ಕೊಟ್ಟು, ರಜೆಗೆಂದು ಮಲ್ಲಟದ ಬಸ್ಸು ಹತ್ತಿದ. ಶಾಲೆಗೆ ದಸರಾ ರಜೆ.

ಮರುದಿನ ದಶಮಿ. ನಮ್ಮ ಕಡೆ ಬನ್ನಿಗೆ ಬಂಗಾರ ಅನ್ನುತ್ತಾರೆ. ಸಂಜೆ ಎದುರಿಗೆ ಸಿಕ್ಕವರೆಲ್ಲ ಕೈಯಲ್ಲಿ ನಾಲ್ಕು ಎಸಳು ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅನ್ನಬೇಕು. ನಾನು ಟೀಚರು ಬೇರೆ. ಬಜಾರಿಗೆಂದು ಹೊರಟವಳು ಮನೆ ಮುಟ್ಟುವಷ್ಟರಲ್ಲಿ ಅರ್ಧ ಶಾಲೆಯ ಹುಡುಗಿಯರು ಕಾಲಿಗೆ ಬಿದ್ದು ಬಂಗಾರ ಕೊಟ್ಟಿದ್ದರು. ಕೊಟ್ಟದ್ದನ್ನು ಬೀದಿಗೆ ಚೆಲ್ಲುವಂತಿಲ್ಲ. ಇಸಿದುಕೊಂಡೆ, ಬ್ಯಾಗಿಗೆ ತುರುಕಿದೆ, ಮರೆತೆ.

ರಜೆ ಮುಗಿಸಿ ಶಾಲೆ ತೆರೆದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ಕವಿತಾಳದ ಹುಡುಗಿಯರು ಕೈ ತೊಳೆದುಕೊಂಡು ನಿಂತಿದ್ದರು. ಫ್ಲಾಪಿ ಹಾಕಿ, ಚಿಲಕ ತಿರುವಿ, ಸ್ವಿಚ್ಚು ಎತ್ತಿದೆ. ಫ್ಯಾನು ತಿರುಗಿತು. ಬಾಯಿಯ ಪಕ್ಕದ ಕೆಂಪು ದೀಪ ಹತ್ತಿತು. ಕುಂಯ್ ಎಂದಿತು, ಗರ್ ಎಂದಿತು, ನಿಂತಿತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಒಂದು ಸಾಲು ಮೂಡಿತು: ಫ್ಲಾಪಿ ಓದಲಾಗಲಿಲ್ಲ, ಸರಿಯಾದದ್ದನ್ನು ಹಾಕಿ ಕೀಲಿ ಒತ್ತಿ. ಒತ್ತಿದೆ. ಕುಂಯ್, ಗರ್, ಅದೇ ಸಾಲು. ತೆಗೆದು ಹಾಕಿ ಒತ್ತಿದೆ. ಅದೇ ಸಾಲು. ಅವತ್ತು ಆ ಸಾಲನ್ನು ನಾನು ನೂರು ಸಲ ಓದಿರಬೇಕು. ಈಗಲೂ ಕಣ್ಣು ಮುಚ್ಚಿದರೆ ಹಸಿರಾಗಿ ಕಾಣುತ್ತದೆ, ಸುಡ್ಲಿ ಅದರ ಮಾರಿ.

ಆಗಲೇ ನಾನು ಪರದೆಯ ನೆತ್ತಿಯನ್ನು ನೋಡಿದ್ದು. ಮೂರು ಬೆರಳಿನ ವಿಭೂತಿ, ಮಟ್ಟಸವಾಗಿ ಎಳೆದದ್ದು.

"ಹುಸೇನಪ್ಪಾ!" ನನ್ನ ಕೂಗಿಗೆ ಪಕ್ಕದ ವರ್ಗದಲ್ಲಿ ಪಾಠ ನಿಂತಿತಂತೆ.

"ಹೌದ್ರಿ, ಹಚ್ಚೀನ್ರಿ" ಎಂದ ಅವನು, ಸುಳ್ಳು ಹೇಳುವ ಗೋಜಿಗೇ ಹೋಗದೆ. "ನವಮಿ ದಿನ ನೀವು ಮನಿಗೆ ಹೋದಮ್ಯಾಲ ಹಚ್ಚೀನ್ರಿ. ಮ್ಯಾಲಷ್ಟ. ಒಣ ವಿಭೂತಿ ಅದ್ರಿ. ಕಾಯಿ ಹೊಸ್ತಿಲ ಹೊರಗ ಒಡದೀನಿ, ಒಂದು ಹನಿ ಒಳಗ ಬಿಟ್ಟಿಲ್ಲ."

"ಒಣ ಪುಡಿನ ಒಳಗ ಇಳದು ಕೆಡಸ್ತದ! ಬ್ಯಾಡಂದ್ರ ತಿಳಿಯೂದಿಲ್ಲೇನು ನಿನಗ?"

ಅವನು ತಲೆ ತಗ್ಗಿಸಿ ನಿಂತ. ಕವಿತಾಳದ ಹುಡುಗಿಯರು ಬಸ್ಸಿಗೆ ಹೋದರು.

ಎರಡು ದಿನ ಬಿಟ್ಟು ಹೆಡ್ಮಾಸ್ತರು ಕರೆದರು. "ಖಾಯಂ ಮಾಡೋರ ಕಾಗದ ದೀಪಾವಳಿ ಮುಂದ ರಾಯಚೂರಿಗೆ ಹೋಗಬೇಕು. ಹುಸೇನಪ್ಪನ ನಡತಿ ಬಗ್ಗೆ ನಾನು ಬರೀತೀನಿ. ಆದ್ರ ಕಂಪ್ಯೂಟರ್ ಕೆಟ್ಟ ಸುದ್ದಿ ಅಲ್ಲಿಗೂ ಮುಟ್ಟೇದ. ಯಾರಿಂದ ಕೆಟ್ಟಿತು ಅಂತ ಕೇಳ್ಯಾರ. ಅದನ್ನ ನೀವ ಬರೀಬೇಕ್ರಿ ಟೀಚರ್. ಅಂವಾ ಕೆಡಿಸ್ಯಾನ ಅಂತ ನೀವು ಬರದ್ರಂದ್ರ, ಅವನ ಹೆಸರು ಪಟ್ಟಿಯಿಂದ ಹೊಡೀತಾರ."

ನಾನು ಗಣಿತದವಳು. ಸಾಧನೆ ಇಲ್ಲದೆ ಉತ್ತರ ಬರೆಯುವವಳಲ್ಲ. "ಎಂಟು ದಿನ ಕೊಡ್ರಿ" ಎಂದೆ.

ಆ ಎಂಟು ದಿನ ನನ್ನ ಶತ್ರುವಿಗೂ ಬೇಡ. ಮೊದಲು ಕರೆಂಟು. ಅಕ್ಕಿ ಗಿರಣಿಗಳು ಶುರುವಾದರೆ ಮಾನ್ವಿಯ ಕರೆಂಟು ಹಣ್ಣು ಹಣ್ಣು ಮುದುಕನಂತೆ ನಡುಗುತ್ತಿತ್ತು. ಸ್ಟೆಬಿಲೈಸರು ಟಕ ಟಕ ಬಡಿದುಕೊಳ್ಳುತ್ತಿತ್ತು. ಗಿರಣಿ ನಿಂತ ಹೊತ್ತು ನೋಡಿ ಹಾಕಿದೆ: ಕುಂಯ್, ಗರ್. ಮುಚ್ಚಳ ಬಿಚ್ಚಿ ಒಳಗಿನ ಪಟ್ಟಿಗಳ ಹಿತ್ತಾಳೆ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ತಿಕ್ಕಿದೆ: ಕುಂಯ್, ಗರ್. ವೈರುಗಳನ್ನೆಲ್ಲ ಕಿತ್ತು ಒತ್ತಿ ಕೂಡಿಸಿದೆ. ಬಾಯಿಗೆ ಬಾಯಿಟ್ಟು ಊದಿದೆ. ಪುಸ್ತಕ ತೆಗೆದು ನೋಡಿದರೆ, ಹತ್ತು ಪುಟ ಓದಿಸಿಕೊಂಡು ಕೊನೆಗೆ, 'ನಿಮಗೆ ಮಾರಿದವರನ್ನು ವಿಚಾರಿಸಿ' ಎಂದಿತ್ತು. ದಾನ ಕೊಟ್ಟವರನ್ನು ಎಲ್ಲಿ ಹುಡುಕಲಿ?

ಇದರ ಮೇಲೆ ಸಲಹೆಗಾರರು. ಡ್ರಿಲ್ ಮಾಸ್ತರು ಬಂದು, "ನಮ್ಮನಿ ಟಿ.ವಿ. ಹಿಂಗ ಮಾಡ್ತಿತ್ರಿ, ಒಂದು ಕೊಟ್ಟೆ ನೋಡ್ರಿ" ಎಂದು ಅಂಗೈ ಎತ್ತಿದರು. ನಾನು ಅಡ್ಡ ನಿಂತೆ. ಹೆಡ್ಮಾಸ್ತರು, "ತಂಪು ಹಿಡದಿರಬೇಕು, ಬಿಸಿಲಿಗಿಡ್ರಿ" ಎಂದರು. ಹುಸೇನಪ್ಪ ಬಾಗಿಲಾಚೆ ನಿಂತೇ, "ಟೀಚರ್ರೀ, ದೃಷ್ಟಿ ಆಗೇದ್ರಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಗದ್ರ..." ಎನ್ನುವಷ್ಟರಲ್ಲಿ ನನ್ನ ಕಣ್ಣು ನೋಡಿ ಮಾತು ನುಂಗಿಕೊಂಡ. ನನಗೆ ತಲೆ ಚಿಟ್ಟು ಹಿಡಿದಿತ್ತು. ಅನ್ನ ಸೇರುತ್ತಿರಲಿಲ್ಲ.

ಉಳಿದದ್ದು ಒಂದೇ ಪರೀಕ್ಷೆ. ಫ್ಲಾಪಿಯನ್ನು ತೆಗೆದುಕೊಂಡು, ಸಿರವಾರದಲ್ಲಿ ಬಸ್ಸು ಬದಲಿಸಿ, ದೇವದುರ್ಗಕ್ಕೆ ಹೋದೆ. ಅಲ್ಲಿಯ ಮಾಸ್ತರು ತಮ್ಮ ಕಂಪ್ಯೂಟರಿಗೆ ಕಸೂತಿ ಹಾಕಿದ ಹೊದಿಕೆ ಹೊದಿಸಿ ಇಟ್ಟಿದ್ದರು. ನಮ್ಮ ಫ್ಲಾಪಿ ಹಾಕಿದರೆ, ಅತ್ತೆಮನೆಗೆ ಬಂದ ಅಳಿಯನ ಹಾಗೆ ಗತ್ತಿನಲ್ಲಿ ಒಂದೇ ಏಟಿಗೆ ಶುರುವಾಯಿತು! ನನಗೆ ಖುಷಿಯಾಗುವ ಬದಲು ಅಳು ಬಂತು. ಆ ಮಾಸ್ತರು ಒಳ್ಳೆಯವರು. ತಮ್ಮ ಫ್ಲಾಪಿಯ ಒಂದು ಪ್ರತಿ ಮಾಡಿ ಕೊಟ್ಟರು. ಮಾನ್ವಿಗೆ ಬಂದು ಅದನ್ನು ಹಾಕಿದೆ. ಕುಂಯ್, ಗರ್, ಹಸಿರು ಸಾಲು.

ಅಂದರೆ ಫ್ಲಾಪಿ ಸರಿಯಿದೆ, ಕರೆಂಟು ಸರಿಯಿದೆ. ಕೆಟ್ಟದ್ದು ಫ್ಲಾಪಿ ಓದುವ ಬಾಯಿ, ಡ್ರೈವು. ರಜೆಗೆ ಮುಂಚೆ ಸರಿಯಿತ್ತು, ರಜೆಯ ನಂತರ ಇಲ್ಲ. ನಡುವೆ ಆ ಕೋಣೆಗೆ ಹೋದವನು ಒಬ್ಬನೇ, ಕೈಯಲ್ಲಿ ಪುಡಿ ಹಿಡಿದುಕೊಂಡು ಹೋದವನು. ಸಾಧನೆ ಮುಗಿಯಿತು ಎಂದುಕೊಂಡೆ. ವರ್ಗದಲ್ಲೇ ಕೂತು ಬರೆದೆ. ಬರೆದದ್ದು ಒರಟಾಯಿತೆಂದು ಒಂದು ಸಲ ಹರಿದೆ. ಮೆತ್ತಗಾಯಿತೆಂದು ಇನ್ನೊಂದು ಸಲ ಹರಿದೆ. ಮೂರನೆಯದನ್ನು ಹೆಡ್ಮಾಸ್ತರಿಗೆ ಕೊಟ್ಟೆ: 'ಜವಾನನು ನನ್ನ ಮಾತು ಮೀರಿ ಯಂತ್ರವನ್ನು ಮುಟ್ಟಿದ್ದರಿಂದ ಕೆಟ್ಟಿದೆ.' ಅವರು ಓದಿ, ನಿಟ್ಟುಸಿರು ಬಿಟ್ಟು, ಲಕೋಟೆಗೆ ಹಾಕಿ ಅಂಟಿಸಿದರು. ಗುಮಾಸ್ತರು ಟಪಾಲು ಬುಕ್ಕಿನಲ್ಲಿ ನಂಬರು ಹಾಕಿದರು.

ಡ್ರೈವನ್ನು ಬಿಚ್ಚಿ ರಾಯಚೂರಿಗೆ ಒಯ್ಯುವುದೆಂದಾಯಿತು. ಸ್ಟೇಷನ್ನಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ರಶೀದ್ ಭಾಯಿ ಇದ್ದಾರೆ, ಕೈ ಬಹಳ ಸೂಕ್ಷ್ಮ ಎಂದು ದೇವದುರ್ಗದ ಮಾಸ್ತರು ಹೇಳಿದ್ದರು. ಅದೇ ದಿನ ಟಪಾಲೂ ಹೋಗಬೇಕಿತ್ತು. ಹೀಗಾಗಿ ನಾನು, ಡ್ರೈವು, ಟಪಾಲಿನ ಚೀಲ ಮತ್ತು ಹುಸೇನಪ್ಪ ಒಂದೇ ಬಸ್ಸಿನಲ್ಲಿ ಹೊರಟೆವು. ಅವನ ಕೊರಳಲ್ಲಿ ತೂಗುತ್ತಿದ್ದ ಚೀಲದೊಳಗೆ ಅವನ ಮೇಲೆ ನಾನು ಬರೆದ ಕಾಗದ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಹಿಂದಿನ ದಿನ ಮಳೆಯಾಗಿ ರಸ್ತೆ ಕಿತ್ತು ಹೋಗಿತ್ತು. ಅವನು ಡ್ರೈವನ್ನು ತನ್ನ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಬಸ್ಸು ಎತ್ತಿ ಕುಕ್ಕಿದಾಗಲೆಲ್ಲ ಎರಡೂ ಅಂಗೈ ಕೆಳಗಿಟ್ಟು ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದ.

ರಾಯಚೂರಿನಲ್ಲಿ ಇಳಿದ ಕೂಡಲೇ ಅವನು, "ಟೀಚರ್ರೀ, ಆಫೀಸು ಹಾದಿ ಮ್ಯಾಲ ಅದ. ಟಪಾಲು ಮೊದ್ಲು ಕೊಟ್ಟು ಬಿಡ್ತೀನ್ರಿ" ಎಂದ.

"ಟಪಾಲೇನು ಓಡಿ ಹೋಗ್ತದೇನು? ಮೊದ್ಲು ಮಶೀನು! ನಡಿ!" ಎಂದು ಗದರಿದೆ. ಅವನು ನನ್ನ ಹಿಂದೆ ಬಂದ.

ರಶೀದ್ ಭಾಯಿ ಕನ್ನಡಕ ಏರಿಸಿ ಡ್ರೈವನ್ನು ಹಿಂದೆ ಮುಂದೆ ತಿರುಗಿಸಿದರು. "ಅರೇ ಟೀಚರಮ್ಮ, ಇಂಥಾದ್ದು ನಾ ನೋಡಿಲ್ರಿ. ಆದ್ರ ತಿರುಗ್ತದ, ಓದ್ತದ ಅಂದ್ರ ಇದು ನಮ್ಮ ಟೇಪ್ ರೆಕಾರ್ಡರಿನ ತಮ್ಮನ. ಹ್ಯಾಂಗ ಓದ್ತದ ಹೇಳ್ರಿ." ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಫ್ಲಾಪಿಯಲ್ಲಿರುವ ಸೂಜಿ ತೂತನ್ನು ತೋರಿಸಿ, ಅದು ತಿರುಗುವಾಗ ಈ ತೂತಿನ ಮೂಲಕ ಒಳಗಿನ ಸಣ್ಣ ದೀಪದ ಬೆಳಕು ಹಾಯುತ್ತದೆ, ಆಗ ಯಂತ್ರಕ್ಕೆ ಒಂದು ಸುತ್ತು ಮುಗಿಯಿತೆಂದು ತಿಳಿಯುತ್ತದೆ ಎಂದೆ.

ಅವರು ನಾಲ್ಕು ಸ್ಕ್ರೂ ಬಿಚ್ಚಿ ಟಾರ್ಚು ಬಿಟ್ಟರು. ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದರು. ಆಮೇಲೆ ನಗಲು ಶುರುಮಾಡಿದರು. "ಯಾ ಅಲ್ಲಾ! ಕಣ್ಣಿಗೆ ಪಟ್ಟಿ ಕಟ್ಟಿ ಓದು ಓದು ಅಂದ್ರ ಹ್ಯಾಂಗ ಓದಬೇಕ್ರಿ ಪಾಪ ಇದು?" ಚಿಮಟದ ತುದಿಯಲ್ಲಿ ಹಿಡಿದು ಏನನ್ನೋ ಹೊರತೆಗೆದು ನನ್ನ ಅಂಗೈ ಮೇಲಿಟ್ಟರು. ಅಕ್ಕಿಕಾಳಿಗಿಂತ ತುಸು ಅಗಲದ ಒಣ ಎಸಳು. ಸರಿಯಾಗಿ ಆ ಸಣ್ಣ ದೀಪದ ಮೇಲೆ ಕೂತಿತ್ತಂತೆ.

"ಬನ್ನಿ ಅದ್ರಿ ಇದು" ಎಂದರು. "ದಸರಾದಾಗ ನಮಗೂ ತಂದು ಕೊಡ್ತಾರಲ್ರಿ, ನನಗ ಗುರುತು ಸಿಗೂದಿಲ್ಲೇನು? ಯಾರ ಬಂಗಾರ ಇದು?"

ನಾನು ಬಾಯಿ ತೆರೆಯುವ ಮೊದಲೇ ಹುಸೇನಪ್ಪ ಕೈ ಮುಗಿದ. ಮುಖ ಬೆಳ್ಳಗಾಗಿತ್ತು. "ನಂದಾ ಇರಬೇಕ್ರಿ. ತಪ್ಪಾತ್ರಿ ಟೀಚರ್. ಪೂಜಿ ಮಾಡಿದಾಂವ ನಾನ ಅಲ್ರಿ."

ಆ ಗಳಿಗೆಯಲ್ಲೂ ನನ್ನ ಗಣಿತದ ತಲೆ ಸುಮ್ಮನಿರಲಿಲ್ಲ. ಇವನು ಪೂಜೆ ಮಾಡಿದ್ದು ನವಮಿಗೆ. ಅವತ್ತೇ ಬೀಗದಕೈ ಕೊಟ್ಟು ಊರಿಗೆ ಹೋದವನು. ಬನ್ನಿ ಕೊಯ್ಯುವುದು, ಹಂಚುವುದು ದಶಮಿಗೆ. ಇವನ ಕೈಯಲ್ಲಿ ಬನ್ನಿ ಎಲ್ಲಿಂದ ಬಂತು? ಅಷ್ಟರಲ್ಲಿ ನನ್ನ ಕಣ್ಣು ನನ್ನದೇ ಬ್ಯಾಗಿನ ಮೇಲೆ ಬಿತ್ತು. ಲಗ್ನಪತ್ರಿಕೆಯ ಲಕೋಟೆ ಹೊರಗೆ ತೆಗೆದೆ. ರಶೀದ್ ಭಾಯಿಯ ಟೇಬಲ್ಲಿನ ಗಾಜಿನ ಮೇಲೆ ಅದನ್ನು ತಲೆಕೆಳಗು ಮಾಡಿ ಕೊಡವಿದೆ. ಮೂರು ಒಣ ಎಸಳು ಉದುರಿದವು. ಬ್ಯಾಗು ಕೊಡವಿದರೆ ಒಂದು ಹಿಡಿಯಷ್ಟು ಉದುರಿದವು.

ಕುಣಿಯಲಾರದ ನಾನು ಎಂಟು ದಿನದಿಂದ ನೆಲ ಡೊಂಕೆಂದು ಊರೆಲ್ಲ ಸಾರಿಕೊಂಡು ಬಂದಿದ್ದೆ. ಯಾರೂ ಮುಟ್ಟಬಾರದೆಂದು ಜೋಪಾನವಾಗಿ ಬ್ಯಾಗಿನಲ್ಲಿಟ್ಟುಕೊಂಡ ಫ್ಲಾಪಿಯೇ ಆ ಎಸಳನ್ನು ಒಳಗೆ ಒಯ್ದಿತ್ತು. ನಾಚಿಕೆಯಿಂದ ಕಿವಿ ಬಿಸಿಯಾದವು.

"ನಂದು" ಎಂದೆ. ಎರಡು ಅಕ್ಷರ ಹೇಳಲು ಅಷ್ಟು ಕಷ್ಟವಾಗುತ್ತದೆಂದು ಗೊತ್ತಿರಲಿಲ್ಲ. "ಹುಸೇನಪ್ಪ, ಟಪಾಲಿನಾಗ ನಂದೊಂದು ಲಕೋಟಿ ಅದ. ಕೊಡು ಇಲ್ಲಿ."

ಅವನು ಚೀಲ ಬಿಚ್ಚಿ, ಹುಡುಕದೆ, ಮೊದಲ ಸಲಕ್ಕೇ ಸರಿಯಾದ ಲಕೋಟೆ ತೆಗೆದು ಕೊಟ್ಟ.

"ಇದರಾಗ ಏನದ ಅಂತ ಗೊತ್ತಿತ್ತೇನು ನಿನಗ?"

"ಗೊತ್ತಿತ್ರಿ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಎರಡು ಸಲ ಬರದು ಹರದು ಒಗದಿದ್ರಿ. ಕಸ ಗುಡಿಸಾಂವ ನಾನ ಅಲ್ಲೇನ್ರಿ?"

ರಶೀದ್ ಭಾಯಿ ನಗುವುದನ್ನು ನಿಲ್ಲಿಸಿದರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. "ಮತ್ತ ಯಾಕ ತಂದಿ? ಹಾದ್ಯಾಗ ಎಲ್ಲೆರ ಒಗೀಬೇಕಿಲ್ಲೇನು?"

"ಟಪಾಲಲ್ರಿ ಅದು. ಒಗೀತಾರೇನ್ರಿ?" ಎಂದ ಅವನು, ನಾನೇ ಏನೋ ಹೊಲಸು ಮಾತು ಆಡಿದೆನೆಂಬಂತೆ ನೋಡಿ.

ಹರಿದೆ. ಆ ಕಾಗದವನ್ನು ನುಚ್ಚುನುಚ್ಚು ಹರಿದೆ. ಈಗ ಅವನಿಗೆ ಇನ್ನೊಂದು ಚಿಂತೆ. "ಟೀಚರ್ರೀ, ಬುಕ್ಕಿನ್ಯಾಗ ನಂಬರು ಬಿದ್ದದ್ರಿ. ಲಕೋಟಿ ಕೊಟ್ಟು ಶಿಕ್ಕಾ ಹಾಕಿಸ್ಕೊಂಡು ಹೋಗ್ಲಿಲ್ಲಂದ್ರ ನಾನು ಕಳದೀನಿ ಅಂತಾರ." ಹೌದಲ್ಲ. ಎಂಥ ಪೀಕಲಾಟ! ರಶೀದ್ ಭಾಯಿಯ ಹತ್ತಿರ ಒಂದು ಹಾಳೆ, ಒಂದು ಲಕೋಟೆ ಇಸಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತು, ಅದೇ ನಂಬರು ಹಾಕಿ ಬರೆದೆ. ಯಂತ್ರ ನನ್ನ ಅಜಾಗ್ರತೆಯಿಂದ ನಿಂತಿತ್ತು, ಜವಾನ ಹುಸೇನಪ್ಪನದು ಏನೇನೂ ತಪ್ಪಿಲ್ಲ, ಅವನಷ್ಟು ನಂಬಿಗಸ್ತ ನಮ್ಮ ಶಾಲೆಯಲ್ಲಿ ಇನ್ನೊಬ್ಬನಿಲ್ಲ, ನನ್ನನ್ನೂ ಹಿಡಿದು. ಈ ಸಲ ಒಂದೇ ಏಟಿಗೆ ಬರೆದೆ. ಹರಿಯಲಿಲ್ಲ. ಅವನಿಗೆ ಓದಿ ಹೇಳಿದೆ.

ಅವನು ತಲೆ ಕೆರೆದುಕೊಂಡ. "ಅಜಾಗ್ರತಿ ಅಂತ ಬ್ಯಾಡ್ರಿ. ಕಸ ಬಿದ್ದಿತ್ತು ಅಂತ ಬರೀರಿ. ನಿಮಗ್ಯಾಕ ಮಾತು ಬರಬೇಕು."

"ಸುಮ್ನ ಒಯ್ದು ಕೊಟ್ಟು ಬಾ!" ಎಂದು ಗದರಿದೆ. ಗದರದೆ ಇದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಮಾನ್ವಿಗೆ ಮರಳಿ ಡ್ರೈವು ಕೂಡಿ‌ಸಿ, ಸ್ವಿಚ್ಚು ಎತ್ತಿದೆ. ಕುಂಯ್ ಎಂದಿತು, ಗರ್ ಎನ್ನಲಿಲ್ಲ. ಶುರುವಾಯಿತು. ಕವಿತಾಳದ ಹುಡುಗಿಯರು ಚಪ್ಪಾಳೆ ತಟ್ಟಿದರು. ರಾಯಚೂರಿನಿಂದ ನನಗೊಂದು ಬೈಗುಳದ ಕಾಗದ ಬಂತು, ಬರಬೇಕಾದದ್ದೇ. ಹುಸೇನಪ್ಪನ ಆರ್ಡರು ಬೇಸಿಗೆಯಲ್ಲಿ ಬಂತು. ಮಲ್ಲಟದಲ್ಲಿ ಅವನು ಕುಡಿಸಿದ ಚಹಾಕ್ಕೆ ನಾನೂ ಹೋಗಿದ್ದೆ.

ಮರುವರ್ಷ ಮಹಾನವಮಿಗೆ ನಾನೇ ಕೋಣೆಯ ಬಾಗಿಲು ತೆಗೆದು ಅವನನ್ನು ಕರೆದೆ. "ಮ್ಯಾಲಷ್ಟ ಹಚ್ಚು. ಬಾಯಿಗೆ ಹಚ್ಚಬ್ಯಾಡ." ಅವನು ಮೂರು ಬೆರಳು ಅದ್ದಿ ಮಟ್ಟಸವಾಗಿ ಎಳೆದ.

ದಶಮಿಯ ಸಂಜೆ ಮಲ್ಲಟದಿಂದ ನಮ್ಮ ಮನೆಗೆ ಬಂದ, ಮುಷ್ಟಿಯಲ್ಲಿ ಬನ್ನಿ ಹಿಡಿದುಕೊಂಡು. ನಾನು ಬಜಾರಿಗೆಂದು ಹೊರಟು ಹೊಸ್ತಿಲ ಮೇಲೆ ನಿಂತಿದ್ದೆ. ಕೈ ಒಡ್ಡಿದರೆ ಅವನು ಮುಷ್ಟಿ ಹಿಂದಕ್ಕೆಳೆದುಕೊಂಡ.

"ಆ ಬ್ಯಾಗು ಮೊದ್ಲು ಒಳಗಿಟ್ಟು ಬರ್ರಿ. ಆಮ್ಯಾಲ ಕೊಡ್ತೀನಿ."

ನಾನು ಒಳಗೆ ಹೋಗಿ, ಬ್ಯಾಗನ್ನು ಗೂಟಕ್ಕೆ ಹಾಕಿ, ಹೊರಗೆ ಬಂದು ಎರಡೂ ಕೈ ಒಡ್ಡಿದೆ.